ಲಜ್ಜೆ ಯಾರದು?

ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದಿರಿಸಿದ ಒಂದು ಶಿಲ್ಪವಿದೆ. ಮೊಣಕಾಲು ಮಡಿಸಿ, ಕಾಲುಗಳನ್ನು ಎರಡೂ ಬದಿಗೆ ಅಗಲಿಸಿದ ಹೆಣ್ಣಿನ ತುಂಬು ಮೈ. ಮೈಮೇಲೆ ಒಡವೆಗಳಿವೆ. ಮುಖವಿರಬೇಕಾದ ಕಡೆ ಅರಳಿದ ತಾವರೆ. ಚಾಲುಕ್ಯರ ಕಾಲದ ಈ ದೇವಿಯನ್ನು ನಾವು ಲಜ್ಜಾಗೌರಿ ಎನ್ನುತ್ತೇವೆ. ನನ್ನ ತಕರಾರು ಈ ಹೆಸರಿನ ಬಗ್ಗೆ.

ಈ ಕಲ್ಲಿನಲ್ಲಿ ಲಜ್ಜೆ ಎಲ್ಲಿದೆ? ನಮ್ಮ ಶಿಲ್ಪಿಗಳಿಗೆ ಸಂಕೋಚವನ್ನು ಕೆತ್ತಲು ಬಾರದೆ ಇರಲಿಲ್ಲ. ಬೇಲೂರಿನ ಮದನಿಕೆಯರಲ್ಲಿ ಕೋತಿಯೊಂದು ಬಟ್ಟೆ ಎಳೆಯುವಾಗ ಅದನ್ನು ಗದರಿಸುವವಳೂ ಇದ್ದಾಳೆ. ಬಾದಾಮಿಯ ದೇವಿಗೆ ಮುಚ್ಚಿಕೊಳ್ಳಬೇಕು ಎಂಬ ಯೋಚನೆಯೇ ಇಲ್ಲ. ಆದರೆ ಹೆಸರಿಗೊಂದು ಕತೆ ಬೇಕಲ್ಲ, ಅದೂ ಹುಟ್ಟಿದೆ: ಶಿವನೊಡನೆ ಏಕಾಂತದಲ್ಲಿದ್ದಾಗ ಯಾರೋ ಬಂದರಂತೆ, ಗೌರಿ ನಾಚಿ ತಲೆಯನ್ನೇ ಕಳೆದುಕೊಂಡಳಂತೆ. ನೋಡಿದವರ ಮುಜುಗರವನ್ನು ನೋಡಿಸಿಕೊಂಡವಳ ತಲೆಗೆ ಕಟ್ಟುವ ಉಪಾಯವಿದು. ವಿದ್ವಾಂಸರೂ ಇದರಿಂದ ಪೂರ್ತಿ ಹೊರಗಿಲ್ಲ. ಎಚ್.ಡಿ. ಸಾಂಕಳಿಯಾ 1960ರಲ್ಲಿ ಈ ಬಗೆಯ ಮೂರ್ತಿಗಳ ಬಗ್ಗೆ ಬರೆದ ಲೇಖನದ ಶೀರ್ಷಿಕೆಯಲ್ಲೇ 'ನಾಚಿಕೆಗೆಟ್ಟ ಹೆಂಗಸು' ಎಂಬರ್ಥದ ಮಾತಿದೆ. ಒಬ್ಬರಿಗೆ ನಾಚಿದವಳು, ಇನ್ನೊಬ್ಬರಿಗೆ ನಾಚಿಕೆಗೆಟ್ಟವಳು!

ನನಗೆ ದಾರಿ ತೋರಿಸಿದ್ದು ಕ್ಯಾರಲ್ ಬೋಲನ್ 1992ರ ತಮ್ಮ ಪುಸ್ತಕದಲ್ಲಿ ಈ ಮೂರ್ತಿಗಳನ್ನು ವಿಂಗಡಿಸಿದ ರೀತಿ. ಒಂದು ತುದಿಯಲ್ಲಿ ತುಂಬಿದ ಕೊಡಕ್ಕೆ ಕಾಲು ಮೂಡಿದಂತಿರುವ ಪುಟ್ಟ ಮೂರ್ತಿಗಳು; ಆಮೇಲೆ ಮೊಲೆ, ತೋಳು ಕಾಣಿಸುತ್ತವೆ; ಇನ್ನೊಂದು ತುದಿಯಲ್ಲಿ ಮನುಷ್ಯಮುಖವೂ ಬರುತ್ತದೆ. ಈ ಸಾಲಿನಲ್ಲಿಟ್ಟು ನೋಡಿದರೆ 'ತಲೆಯಿಲ್ಲದ ದೇವಿ' ಎಂಬ ಮಾತೇ ಬಿದ್ದುಹೋಗುತ್ತದೆ. ಕೊಡದ ಬಾಯಿಂದ ತಾವರೆ ಹೊಮ್ಮುವುದು ಸಹಜ, ಅಲ್ಲಿ ಏನೂ ಕಳೆದುಹೋಗಿಲ್ಲ. ನಮ್ಮ ಮನೆಗಳಲ್ಲಿ ವರಮಹಾಲಕ್ಷ್ಮಿಗೆ ಕಲಶವಿಟ್ಟು, ತೆಂಗಿನಕಾಯಿಗೆ ಬೆಳ್ಳಿಯ ಮುಖ ಕಟ್ಟಿ, ಸೀರೆ ಉಡಿಸುತ್ತೇವೆ. ಮುಖವಾಡ ಕಟ್ಟುವ ಮೊದಲು ಆ ಕಲಶ ತಲೆಯಿಲ್ಲದ್ದು ಎಂದು ಯಾರಿಗಾದರೂ ಅನ್ನಿಸಿದೆಯೇ?

ಇಲ್ಲಿಗೇ ನಿಲ್ಲಿಸಿ, ಇವಳು ನಾಚಿಕೆಯ ಹಂಗಿಲ್ಲದ ಸ್ವತಂತ್ರ ಹೆಣ್ಣಿನ ಪ್ರತಿಮೆ ಎಂದು ಬರೆದುಬಿಡಬಹುದು. ಈಚೆಗೆ ಹಾಗೆ ಬರೆಯುವುದು ರೂಢಿಯೂ ಆಗುತ್ತಿದೆ. ಅದನ್ನು ಒಪ್ಪಲು ನನಗೆ ಅಡ್ಡಬರುವುದು ನಾಗಾರ್ಜುನಕೊಂಡದ ಶಿಲ್ಪ. ಸೊಂಟದಿಂದ ಕೆಳಗಷ್ಟೇ ಉಳಿದಿರುವ ಆ ಮೂರ್ತಿಯ ಮೇಲೆ ಪ್ರಾಕೃತ ಶಾಸನವಿದೆ. ಮಾಡಿಸಿದವಳು ಇಕ್ಷ್ವಾಕು ದೊರೆ ಎಹುವಲ ಚಾಂತಮೂಲನ ರಾಣಿ ಖಂಡುವುಲಾ. ಅರಸುಮನೆಯ ಹೆಣ್ಣೊಬ್ಬಳು ಇಂಥ ಮೂರ್ತಿಯ ಮೇಲೆ ತನ್ನ ಹೆಸರನ್ನೇ ಕೆತ್ತಿಸಿದ್ದಾಳೆ. ಅಂದರೆ ಅವಳ ಕಾಲಕ್ಕೆ ಇದು ಬಚ್ಚಿಡುವ ವಸ್ತುವಾಗಿರಲಿಲ್ಲ. ಇದು ನನ್ನ ವಾದಕ್ಕೆ ಅನುಕೂಲವೇ. ಆದರೆ ರಾಣಿ ತನ್ನ ಬಗ್ಗೆ ಹೇಳಿಕೊಳ್ಳುವ ಎರಡು ವಿಶೇಷಣಗಳಿವೆ: ಅವಿಧವೆ, ಜೀವಪುತ್ರೆ. ಗಂಡ ಬದುಕಿದ್ದಾನೆ, ಮಗ ಬದುಕಿದ್ದಾನೆ. ಮುತ್ತೈದೆಯರಿಗೆ ಮಾತ್ರ ಅರಿಸಿನ ಕುಂಕುಮ ಕೊಡುವ ಮನೆಗಳಲ್ಲಿ ಬೆಳೆದವರಿಗೆ ಈ ಎರಡು ಪದಗಳ ತೂಕ ವಿವರಿಸಬೇಕಿಲ್ಲ. ಮೂರ್ತಿಯಲ್ಲಿ ನಾಚಿಕೆಯಿಲ್ಲ, ನಿಜ. ಅದನ್ನು ಮಾಡಿಸಿದವಳನ್ನು ಅಳೆಯುವ ಕೋಲು ಮಾತ್ರ ಆಗಲೇ ಸಿದ್ಧವಾಗಿತ್ತು.

ಐಹೊಳೆಯ ಸಮೀಪದ ಸಿದ್ಧನಕೊಳ್ಳದಲ್ಲಿ ಇದೇ ದೇವಿ ಇನ್ನೂ ಪೂಜೆಗೊಳ್ಳುತ್ತಿದ್ದಾಳೆ. ಮಕ್ಕಳಾಗಲೆಂದು ಬೇಡಿಕೊಳ್ಳಲು ಹೆಂಗಸರು ಬರುತ್ತಾರೆ. 'ಫಲವಂತಿಕೆಯ ದೇವತೆ' ಎಂದು ನಮ್ಮ ಪ್ರಬಂಧಗಳು ಒಂದೇ ಪದದಲ್ಲಿ ಮುಗಿಸುವುದು ಇವರ ಬೇಡಿಕೆಯನ್ನು. ಮಗು ಬೇಕೆಂಬ ಆಸೆ ಅದರಲ್ಲಿದೆ. ಬಂಜೆ ಎಂದು ಕರೆಸಿಕೊಳ್ಳುವ ಭಯವೂ ಇದೆ. ಲಜ್ಜೆ ಎಂಬ ಪದಕ್ಕೆ ಏನಾದರೂ ಅರ್ಥವಿದ್ದರೆ ಅದು ಈ ಭಯದ ಹತ್ತಿರ ಎಲ್ಲೋ ಇದೆ, ಕಲ್ಲಿನಲ್ಲಲ್ಲ.