ಕರೆಗೆ ಬಂದ ಉತ್ತರ: ಕಿಟೆಲ್ಲರ ‘ಕಥಾಮಾಲೆ’, ಗೋವಿಂದ ಪೈಗಳ ‘ಗೊಲ್ಗೊಥಾ’

ಕಿಟೆಲ್ ಎಂದರೆ ನಮಗೆ ನಿಘಂಟು. ಸುಮಾರು 70,000 ಶಬ್ದಗಳ, 1894ರಲ್ಲಿ ಅಚ್ಚಾದ ಆ ಗ್ರಂಥವನ್ನು ಹೊಗಳುವಾಗ, ಅದನ್ನು ಮಾಡಿದವರು ಕನ್ನಡನಾಡಿಗೆ ಏಕೆ ಬಂದರೆಂಬುದನ್ನು ನಾವು ನಯವಾಗಿ ಬಿಟ್ಟುಬಿಡುತ್ತೇವೆ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದದ್ದು ಬಾಸೆಲ್ ಮಿಷನ್ನಿನ ಧರ್ಮಪ್ರಚಾರಕರಾಗಿ. ಕ್ರಿಸ್ತನ ಕರೆಗೆ ತಾವು ಓಗೊಟ್ಟಂತೆ ಇತರರೂ ಓಗೊಡಬೇಕೆಂಬುದೇ ಅವರ ಬಯಕೆ. ಇದನ್ನು ಮರೆತರೆ ಅವರ 1862ರ ‘ಕಥಾಮಾಲೆ’ ನಮಗೆ ಅರ್ಥವಾಗುವುದಿಲ್ಲ.

‘ಕಥಾಮಾಲೆ’ ಯೇಸುವಿನ ಜೀವನವನ್ನು ಕನ್ನಡ ಛಂದಸ್ಸಿನಲ್ಲಿ ಹೇಳುವ ಕಾವ್ಯ. ಮಿಷನ್ನಿನಿಂದ ‘ಜಾತಿವಿಚಾರಣೆ’, ‘ದೇವವಿಚಾರಣೆ’ ಎಂಬ ಪುಸ್ತಿಕೆಗಳೂ ಬಂದಿದ್ದವು. ಅವು ಓದುಗನ ನಂಬಿಕೆಯೊಡನೆ ವಾದಕ್ಕೆ ಇಳಿಯುವಂಥವು. ಕಿಟೆಲ್ಲರು ಹಿಡಿದ ದಾರಿ ಬೇರೆ. ನಮ್ಮ ಜನ ದೇವರ ಕಥೆಯನ್ನು ಕೇಳುವುದು ರಾಗವಾಗಿ ಎಂಬುದನ್ನು ಅವರು ಗಮನಿಸಿದ್ದರು. ಅವರಿಗಿಂತ ಮೊದಲೇ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದ್ದರು. ಹೇಳಲು ಬಂದವರು ಮೊದಲು ಕೇಳಿಸಿಕೊಂಡರು. ಕಿಟೆಲ್ಲರ ಈ ಸಾಹಿತ್ಯದ ಹುಚ್ಚು ಅವರ ಮಿಷನ್ನಿನ ಹಿರಿಯರಿಗೆ ಅಷ್ಟಾಗಿ ರುಚಿಸಲಿಲ್ಲ ಎನ್ನುವುದೂ ನಿಜ.

ಹಾಗೆಂದು ಎಲ್ಲವೂ ಹಾಡಿನಷ್ಟು ಮೃದುವಾಗಿರಲಿಲ್ಲ. 1844ರಲ್ಲಿ ಮಂಗಳೂರಿನ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಊರೇ ಎದ್ದು ನಿಂತಿತು. ಅವರು ಬಾಸೆಲ್ಲಿಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದರು. ಕರೆಗೆ ‘ಹೌದು’ ಎಂದವರು ತೆತ್ತ ಬೆಲೆಯನ್ನು ಕರೆದವರ ಸಾಹಿತ್ಯ ಸೇವೆಯೊಳಗೆ ಕರಗಿಸಿಬಿಡುವುದು ನ್ಯಾಯವಲ್ಲ.

ಇನ್ನೊಂದು ಬಗೆಯ ಉತ್ತರ ಬಂದದ್ದು 1930ರ ದಶಕದಲ್ಲಿ, ಮಂಗಳೂರಿಗೆ ಸಮೀಪದ ಮಂಜೇಶ್ವರದಿಂದ. ಗೋವಿಂದ ಪೈಗಳು ಕ್ರೈಸ್ತರಾಗಲಿಲ್ಲ, ಆದರೆ ಯೇಸುವಿನ ಕಡೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಬರೆದರು. ಸುಲಭದ ಕಾವ್ಯವಲ್ಲ, ಕಿಟೆಲ್ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡೇ ನಾನು ಅದನ್ನು ಓದಿದ್ದು. ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿ ಸಂಪಾದಿಸಿದವರು ಜರ್ಮನಿಯಿಂದ ಬಂದ ಕಿಟೆಲ್. ಹಳೆಯ ಆದಿಪ್ರಾಸವನ್ನು ಕೈಬಿಟ್ಟು ಹೆಸರಾದವರು ಇಲ್ಲಿಯ ಪೈಗಳು. ಇದೊಂದು ತಮಾಷೆ.

ಪೈಗಳು ಯೇಸುವಿನ ಬೋಧನೆಯನ್ನಾಗಲಿ ಪವಾಡಗಳನ್ನಾಗಲಿ ಆರಿಸಿಕೊಳ್ಳದೆ ಕಡೆಯ ದಿನವನ್ನೇ ಆರಿಸಿಕೊಂಡದ್ದೇಕೆ? ವೈದ್ಯನಾಗಿ ನಾನು ಕಂಡದ್ದೊಂದಿದೆ. ರೋಗಿ ತೀರಿಕೊಂಡ ಮೇಲೆ ಮನೆಯವರು ಆ ಕಡೆಯ ದಿನವನ್ನು ಗಂಟೆಗಂಟೆಯಾಗಿ ಹೇಳುತ್ತಾರೆ: ಬೆಳಿಗ್ಗೆ ಏನು ಕುಡಿದರು, ಯಾರನ್ನು ಕೇಳಿದರು, ಯಾವಾಗ ಮಾತು ನಿಂತಿತು. ಕೇಳುವವರನ್ನು ಒಪ್ಪಿಸುವ ಉದ್ದೇಶ ಅಲ್ಲಿಲ್ಲ. ದುಃಖವೇ ಹಾಗೆ ಹೇಳಿಸುತ್ತದೆ. ಸುವಾರ್ತೆ ಬರೆದ ಲೂಕನೂ ವೈದ್ಯನೆಂಬ ಸಂಪ್ರದಾಯವಿದೆಯಷ್ಟೆ. ಕಿಟೆಲ್ಲರ ಕಾವ್ಯದ ಹಿಂದೆ ಪ್ರಚಾರಕನಿದ್ದಾನೆ, ಪೈಗಳ ಕಾವ್ಯದ ಹಿಂದೆ ಸಾವಿನ ಮನೆಯ ಬಂಧುವಿದ್ದಾನೆ ಎಂದು ನನಗೆ ಅನ್ನಿಸುವುದು ಇದರಿಂದಲೇ.

ಆದರೆ ಪೈಗಳು ಮುಂದೆ ಬುದ್ಧನ ಕಡೆಯ ದಿನವನ್ನು ಕುರಿತು ‘ವೈಶಾಖಿ’ಯನ್ನೂ ಬರೆದರು. ಪ್ರಚಾರಕ ಒಪ್ಪದ ಮಾತು ಇಲ್ಲೇ ಇದೆ. ಅವನಿಗೆ ಯೇಸು ಒಬ್ಬನೇ ರಕ್ಷಕ. ಪೈಗಳಿಗೆ ಯೇಸು ಮಹಾತ್ಮರ ಸಾಲಿನಲ್ಲಿ ಒಬ್ಬ. ನಮ್ಮ ಸಂಘದ ಮಂಗಳೂರು ಕಡೆಯ ಕ್ರೈಸ್ತ ಮಿತ್ರರೊಬ್ಬರು ನನ್ನೊಡನೆ ವಾದಿಸಿದ್ದೂ ಇದನ್ನೇ: “ಡಾಕ್ಟ್ರೇ, ನಿಮ್ಮ ಪೈಗಳು ಶುಕ್ರವಾರಕ್ಕೆ ನಿಂತುಬಿಟ್ಟರು, ನಮಗೆ ಭಾನುವಾರ ಬೇಕು.” ಪುನರುತ್ಥಾನವಿಲ್ಲದಿದ್ದರೆ ತನ್ನ ಬೋಧನೆಗೆ ಅರ್ಥವಿಲ್ಲವೆಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಈ ಆಕ್ಷೇಪಣೆಯನ್ನು ‘ಎಲ್ಲ ಧರ್ಮಗಳೂ ಒಂದೇ’ ಎಂಬ ನಮ್ಮ ಮಾಮೂಲಿ ಮಾತಿನಿಂದ ತೇಲಿಸಿಬಿಡಲು ನನಗೆ ಇಷ್ಟವಿಲ್ಲ. ಹಾಗೆ ಹೇಳುವುದು ಔದಾರ್ಯದಂತೆ ಕಂಡರೂ ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳದ ಸೋಮಾರಿತನ.

ಇಲ್ಲಿ ಅಮೆರಿಕದಲ್ಲಿ ಕರಪತ್ರ ಹಿಡಿದವರು ಬಾಗಿಲು ತಟ್ಟುತ್ತಾರೆ, ನಾವು ನಗುತ್ತ ಬಾಗಿಲು ಹಾಕಿಕೊಳ್ಳುತ್ತೇವೆ. ಚರ್ಚಿಗೆ ಹೋಗುವ ಸೊಸೆ, ಅಳಿಯಂದಿರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರ ನಂಬಿಕೆಯ ಮಾತು ಬಂದರೆ ಊಟದ ಮೇಜಿನಲ್ಲಿ ವಿಷಯ ಬದಲಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ಕೈಹಿಡಿದು “ನಮ್ಮ ಜೊತೆ ಪ್ರಾರ್ಥಿಸುತ್ತೀರಾ?” ಎಂದು ಕೇಳಿದ ರೋಗಿಗಳ ಬಳಿ ನಾನು ಸುಮ್ಮನೆ ನಿಂತಿದ್ದೇನೆ. ಅವರ ಮಾತು ನನ್ನದಾಗಲಿಲ್ಲ, ಪರಕೀಯವೂ ಆಗಲಿಲ್ಲ.

‘ಗೊಲ್ಗೊಥಾ’ವನ್ನು ಹೊಗಳುವವರು ಅದನ್ನು ಸರ್ವಧರ್ಮ ಸಮನ್ವಯದ ಕಾವ್ಯ ಎಂದುಬಿಡುತ್ತಾರೆ. ನನ್ನ ಓದಿನಲ್ಲಿ ಅದು ಕರೆಗೆ ‘ಇಲ್ಲ’ ಎಂದ ಕಾವ್ಯ. ಆದರೆ ಆ ‘ಇಲ್ಲ’ ಬಂದದ್ದು ಶಿಲುಬೆಯ ಬುಡದವರೆಗೂ ನಡೆದುಹೋದವರ ಬಾಯಿಂದ.