ಬೇಡಿಕೆಯ ಪ್ರಾರ್ಥನೆ: ಸಿ. ಎಸ್. ಲೂಯಿಸರ ಉತ್ತರವಿಲ್ಲದ ಪ್ರಶ್ನೆ

1953ರ ಡಿಸೆಂಬರ್ 8ರಂದು ಸಿ. ಎಸ್. ಲೂಯಿಸರು ಆಕ್ಸ್‌ಫರ್ಡಿನ ಸಭಾಪಾಲಕರ ಸಂಘವೊಂದರಲ್ಲಿ ಒಂದು ಪ್ರಬಂಧವನ್ನು ಓದಿದರು. ಬೇಡಿಕೆಯ ಪ್ರಾರ್ಥನೆಯನ್ನು ಕುರಿತ ಆ ಪ್ರಬಂಧಕ್ಕೆ 'ಉತ್ತರವಿಲ್ಲದ ಸಮಸ್ಯೆ' ಎಂಬ ಉಪಶೀರ್ಷಿಕೆಯನ್ನು ಅವರೇ ಕೊಟ್ಟಿದ್ದರು. ನಾವು ಲೂಯಿಸರನ್ನು ಸಾಮಾನ್ಯವಾಗಿ ಕ್ರೈಸ್ತ ನಂಬಿಕೆಯ ಸಮರ್ಥಕರೆಂದು ಓದುತ್ತೇವೆ. ಅವರ ಪುಸ್ತಕಗಳಿಂದ ಉತ್ತರಗಳನ್ನು ಆಯ್ದುಕೊಂಡು ಪ್ರಸಂಗಗಳಲ್ಲಿ ಬಳಸುತ್ತೇವೆ. ಈ ಪ್ರಬಂಧದಲ್ಲಿ ಅಂಥ ಉತ್ತರ ಯಾವುದೂ ಇಲ್ಲ. ಕೊನೆಗೆ ಅವರು ಎದುರಿಗಿದ್ದ ಸಭಾಪಾಲಕರನ್ನೇ ಕೇಳುತ್ತಾರೆ: ಈ ರಾತ್ರಿ ನಾನು ಹೇಗೆ ಪ್ರಾರ್ಥಿಸಲಿ?

ಅವರ ತೊಡಕು ಇದು. ಹೊಸ ಒಡಂಬಡಿಕೆಯಲ್ಲಿ ಪ್ರಾರ್ಥನೆಯ ಎರಡು ಮಾದರಿಗಳಿವೆ. ಮೊದಲನೆಯದು ಗೆತ್ಸೇಮನೆಯ ಮಾದರಿ: ಬೇಡಿಕೆಯನ್ನು ತಂದೆಯ ಚಿತ್ತಕ್ಕೆ ಒಪ್ಪಿಸಿಕೊಡುವುದು. ಎರಡನೆಯದು ಮಾರ್ಕ 11:24ರ ಮಾದರಿ: ಕೇಳಿದ್ದು ಆಗಲೇ ದೊರೆತಿದೆಯೆಂದು ನಂಬಿ ಕೇಳುವುದು. ನಿನ್ನ ಚಿತ್ತವಿದ್ದರೆ ಎಂದು ಹೇಳುವ ಬಾಯಿ ಅದೇ ಉಸಿರಿನಲ್ಲಿ ಇದು ದೊರೆತೇ ತೀರುವುದು ಎಂದು ಹೇಳಲಾದೀತೇ? ಸುಲಭವಾದ ಪರಿಹಾರಗಳನ್ನು ಲೂಯಿಸರು ಒಂದೊಂದಾಗಿ ಪರೀಕ್ಷಿಸಿ ಬದಿಗಿಡುತ್ತಾರೆ. ಎರಡನೆಯ ಮಾದರಿ ಹೇಳುವುದು ದೇವರ ಒಳ್ಳೆಯತನದಲ್ಲಿ ಭರವಸೆಯಿಡಿರೆಂದಷ್ಟೇ ಎಂಬ ವ್ಯಾಖ್ಯಾನ ಅವರಿಗೆ ಸಾಲದು. ವಚನವು ಕೇಳಿದ ವಸ್ತುವನ್ನೇ ಕುರಿತದ್ದು. ಮೊದಲನೆಯ ಮಾದರಿ ನಂಬಿಕೆಯಲ್ಲಿ ಎಳಸಾದವರಿಗೆ ಎನ್ನುವಂತೆಯೂ ಇಲ್ಲ. ಹಾಗೆ ಪ್ರಾರ್ಥಿಸಿದವನು ಕರ್ತನೇ.

ಈ ಪ್ರಾಮಾಣಿಕತೆಯೇ ಪ್ರಬಂಧದ ಹಿರಿಮೆ. ಆದರೆ ಅವರು ಸಮಸ್ಯೆಯನ್ನು ಇಟ್ಟ ರೀತಿಯಲ್ಲೇ ಒಂದು ಕೊರತೆಯಿದೆಯೆಂದು ನನಗೆ ತೋರುತ್ತದೆ. ಮಾರ್ಕನ ಸುವಾರ್ತೆಯಲ್ಲಿ ಈ ಎರಡು ಮಾದರಿಗಳು ಅವರು ತಿಳಿದಷ್ಟು ದೂರದಲ್ಲಿಲ್ಲ. ಒಂಬತ್ತನೆಯ ಅಧ್ಯಾಯದಲ್ಲಿ ನಂಬುವವನಿಗೆ ಎಲ್ಲವೂ ಸಾಧ್ಯವೆಂದು ಯೇಸು ಹೇಳುತ್ತಾನೆ. ಹತ್ತನೆಯದರಲ್ಲಿ ದೇವರಿಗೆ ಎಲ್ಲವೂ ಸಾಧ್ಯವೆನ್ನುತ್ತಾನೆ. ಹದಿನಾಲ್ಕನೆಯದರಲ್ಲಿ, ಗೆತ್ಸೇಮನೆಯಲ್ಲಿ ನೆಲದ ಮೇಲೆ ಬಿದ್ದು ಪ್ರಾರ್ಥಿಸುವಾಗ, ಅದೇ ಮಾತನ್ನು ತಂದೆಗೆ ಹೇಳುತ್ತಾನೆ. ಆಮೇಲೆ ಪಾತ್ರೆಯನ್ನು ತೊಲಗಿಸೆಂದು ಬೇಡುತ್ತಾನೆ. ಒಪ್ಪಿಸಿಕೊಡುವುದು ಅದರ ಬಳಿಕ. ಬೆಟ್ಟವನ್ನು ಕದಲಿಸುವ ನಂಬಿಕೆಯ ಭಾಷೆ ಹೀಗೆ ಶರಣಾಗತಿಯ ಪ್ರಾರ್ಥನೆಯ ಒಳಗೇ ಇದೆ. ಲೂಯಿಸರು ಗೆತ್ಸೇಮನೆಯಿಂದ ಕೊನೆಯ ಮಾತನ್ನು ಮಾತ್ರ ತೆಗೆದುಕೊಂಡು ಅದಕ್ಕೆ 'ಮಾದರಿ' ಎಂದು ಹೆಸರಿಟ್ಟರು.

ಮರಣಾನಂತರ 1964ರಲ್ಲಿ ಪ್ರಕಟವಾದ, ಮಾಲ್ಕಮ್ ಎಂಬ ಕಲ್ಪಿತ ಗೆಳೆಯನಿಗೆ ಬರೆದ ಪತ್ರಗಳ ಪುಸ್ತಕದಲ್ಲಿ ಅವರು ಈ ಪ್ರಶ್ನೆಗೆ ಮರಳುತ್ತಾರೆ. ಹನ್ನೊಂದನೆಯ ಪತ್ರವಿಡೀ ಮಾರ್ಕ 11:24ರೊಡನೆ ನಡೆಸಿದ ಹೋರಾಟ. ಅಲ್ಲಿ ಅವರು ತಲಪುವ ನಿಲುವು ಹೀಗಿದೆ: ಅಂಥ ನಂಬಿಕೆ ಹೆಚ್ಚಿನ ವಿಶ್ವಾಸಿಗಳ ಅನುಭವಕ್ಕೆ ಬರುವುದೇ ಇಲ್ಲ, ದೇವರ ಜೊತೆಕೆಲಸಗಾರನಾಗಿ ಪ್ರಾರ್ಥಿಸುವವನಿಗೆ, ಆ ಕೆಲಸಕ್ಕಾಗಿಯೇ, ಅದು ಕೊಡಲ್ಪಡುತ್ತದೆ. ಮಿಕ್ಕ ನಾವು ಬೇಡುವವರು ಮಾತ್ರ. ಕರ್ತನೂ ಗೆತ್ಸೇಮನೆಯಲ್ಲಿ ಬೇಡುವವನ ಸ್ಥಾನಕ್ಕೆ ಇಳಿದಾಗ ತಂದೆಯ ಚಿತ್ತದ ಬಗೆಗಿನ ನಿಶ್ಚಯ ಅವನಿಂದ ಹಿಂತೆಗೆಯಲ್ಪಟ್ಟಿತು ಎಂದು ಅವರು ಊಹಿಸುತ್ತಾರೆ. ಊಹೆ ಆಳವಾದದ್ದು. ಆದರೆ ಹಿಂತೆಗೆಯಲ್ಪಟ್ಟದ್ದು ಚಿತ್ತದ ನಿಶ್ಚಯವೇ ಹೊರತು ಶಕ್ತಿಯ ನಿಶ್ಚಯವಲ್ಲ. ತಂದೆ ಮಾಡಬಲ್ಲನು ಎಂಬುದರಲ್ಲಿ ಅಲ್ಲಿ ಸಂದೇಹದ ನೆರಳೂ ಇಲ್ಲ. ಈ ಎರಡನ್ನು ಬೇರ್ಪಡಿಸದೆ ಹೋದದ್ದರಿಂದಲೇ ಪ್ರಾರ್ಥಿಸುವವರನ್ನು ಎರಡು ವರ್ಗವಾಗಿ ಒಡೆಯಬೇಕಾಯಿತು.

(ನಮ್ಮ ಭಾಷೆ ಇಲ್ಲಿ ಕೊಂಚ ನೆರವಾಗುತ್ತದೆ. ಪ್ರೊಟೆಸ್ಟಂಟರು 'ನಂಬಿಕೆ' ಎಂದೂ ಕಥೋಲಿಕರು 'ವಿಶ್ವಾಸ' ಎಂದೂ ಹೇಳುವ ಭೇದ ಹಾಗಿರಲಿ. ದೇವರನ್ನು ನಂಬುವುದು ಬೇರೆ, ಇಂಥದ್ದು ಆಗುವುದೆಂದು ನಂಬುವುದು ಬೇರೆ ಎಂಬುದು ಕನ್ನಡದ ವಾಕ್ಯರಚನೆಯಲ್ಲೇ ಕಾಣುತ್ತದೆ. ಮಾರ್ಕನಲ್ಲಿ ಮೊದಲನೆಯದು 22ನೆಯ ವಚನ, ಎರಡನೆಯದು 24ನೆಯದು. ಆ ಕ್ರಮವನ್ನು ತಿರುಗಿಸಿ ಓದುವಂತಿಲ್ಲ. 25ನೆಯದು ಕ್ಷಮೆಯ ಮಾತೆಂಬುದನ್ನು ಉಲ್ಲೇಖಿಸುವವರಂತೂ ವಿರಳ.)

ಎರಡು ವರ್ಗಗಳ ಈ ಪರಿಹಾರ ಮೇಲ್ನೋಟಕ್ಕೆ ಕರುಣೆಯದು. ರೋಗಿಗೆ ಗುಣವಾಗದಿದ್ದಾಗ ನಿನ್ನ ನಂಬಿಕೆ ಸಾಲಲಿಲ್ಲವೆಂದು ಹೇಳುವ ಕ್ರೂರತೆ ನಮ್ಮ ಸಭೆಗಳಿಗೆ ಅಪರಿಚಿತವಲ್ಲ. ಲೂಯಿಸರ ಮಾತು ಅಂಥ ರೋಗಿಯ ಭಾರವನ್ನು ಇಳಿಸುತ್ತದೆ. ಆದರೆ ವೇದಿಕೆಯ ಮೇಲೆ ನಿಂತು, ನಾನೇ ಆ ಜೊತೆಕೆಲಸಗಾರನು ಎನ್ನುವವನ ಕೈಗೆ ಅದೇ ಮಾತು ಅಧಿಕಾರಪತ್ರವೂ ಆಗಬಲ್ಲದು. ಲೂಯಿಸರು ಇದನ್ನು ಎಣಿಸಿರಲಾರರು.

ಈ ಎರಡು ಬರಹಗಳ ನಡುವೆ ಅವರ ಬದುಕಿನಲ್ಲಿ ನಡೆದದ್ದನ್ನು ಬಿಟ್ಟು ಈ ಚರ್ಚೆಯನ್ನು ತೂಗಲಾಗದು. 1957ರ ಮಾರ್ಚಿನಲ್ಲಿ ಆಸ್ಪತ್ರೆಯ ಹಾಸಿಗೆಯ ಬಳಿ ಜಾಯ್ ಡೇವಿಡ್‌ಮನ್ ಅವರೊಡನೆ ಲೂಯಿಸರ ವಿವಾಹವನ್ನು ನೆರವೇರಿಸಿದ ಪೀಟರ್ ಬೈಡ್ ಎಂಬ ಪಾದ್ರಿ, ಎಲುಬಿನವರೆಗೆ ಕ್ಯಾನ್ಸರ್ ಹರಡಿದ್ದ ಆಕೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಕೆ ಎದ್ದು ನಡೆದರು. 1959ರ ಒಂದು ಲೇಖನದಲ್ಲಿ ಲೂಯಿಸರು ಹೆಸರು ಹೇಳದೆ ಇದನ್ನು ನೆನೆಯುತ್ತಾರೆ. ಆದರೆ ಪ್ರಾರ್ಥನೆಯ ಫಲವನ್ನು ಪ್ರಯೋಗದಿಂದ ಸಿದ್ಧಪಡಿಸಲಾಗದು, ಬೇಡಿಕೆಯೆಂದ ಮೇಲೆ ಅದು ನಿರಾಕರಣೆಗೂ ಒಳಪಟ್ಟದ್ದೆಂದು ಎಚ್ಚರಿಸುತ್ತಾರೆ. 1960ರ ಜುಲೈ 13ರಂದು ಜಾಯ್ ತೀರಿಕೊಂಡರು. ಮರುವರ್ಷ ಎನ್. ಡಬ್ಲ್ಯು. ಕ್ಲರ್ಕ್ ಎಂಬ ಗುಪ್ತನಾಮದಲ್ಲಿ ಬಂದ ಶೋಕದ ಟಿಪ್ಪಣಿಗಳಲ್ಲಿ ಅವರನ್ನು ಹೆದರಿಸುವುದು ದೇವರಿಲ್ಲವೆಂಬ ಸಂದೇಹವಲ್ಲ. ಇರುವ ದೇವರು ಇಂಥವನೇ ಇರಬಹುದೆಂಬ ಸಂದೇಹ. ಇದು ಮೊದಲನೆಯದಕ್ಕಿಂತ ಭಯಂಕರ.

ನನ್ನ ಮಟ್ಟಿಗೆ, 1953ರ ಪ್ರಶ್ನೆಗೆ ಹತ್ತಿರದ ಉತ್ತರ ಇರುವುದು ಪತ್ರಗಳ ಪುಸ್ತಕದಲ್ಲಿ ಅಲ್ಲ, ಈ ಟಿಪ್ಪಣಿಗಳಲ್ಲಿ. ಅಲ್ಲಿ ಪ್ರಾರ್ಥನೆ ಪ್ರಲಾಪವಾಗುತ್ತದೆ. ಸೋಜಿಗವೆಂದರೆ, 1958ರಲ್ಲಿ ಕೀರ್ತನೆಗಳನ್ನು ಕುರಿತು ಒಂದು ಪುಸ್ತಕವನ್ನೇ ಬರೆದ ಲೂಯಿಸರು ಶಾಪದ ಕೀರ್ತನೆಗಳಿಗೂ ಸ್ತುತಿಗೂ ಅಧ್ಯಾಯಗಳನ್ನು ಕೊಟ್ಟರು, ಪ್ರಲಾಪಕ್ಕೆ ಕೊಡಲಿಲ್ಲ. ಎಂಭತ್ತೆಂಟನೆಯ ಕೀರ್ತನೆಯವನು ದೊರೆಯುತ್ತದೆಂಬ ನಿಶ್ಚಯದಿಂದ ಬೇಡುತ್ತಿಲ್ಲ, ಒಪ್ಪಿಸಿಕೊಡುತ್ತಲೂ ಇಲ್ಲ. ಕತ್ತಲೆಯಲ್ಲಿಯೇ ಮುಗಿಯುವ ಆ ಕೀರ್ತನೆ ಆಡಲ್ಪಟ್ಟಿರುವುದು ಮಾತ್ರ ದೇವರಿಗೇ. ಎರಡು ಮಾದರಿಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಳವೆಲ್ಲಿ?

ಮಾರ್ಕನ ಒಂಬತ್ತನೆಯ ಅಧ್ಯಾಯದ ತಂದೆಗೂ ಆ ಪಟ್ಟಿಯಲ್ಲಿ ಸ್ಥಳವಿಲ್ಲ. ಅವನು ನಂಬುತ್ತೇನೆಂದು ಕೂಗುತ್ತಾನೆ, ತನ್ನ ಅಪನಂಬಿಕೆಗೂ ಅದೇ ಕೂಗಿನಲ್ಲಿ ಸಹಾಯ ಬೇಡುತ್ತಾನೆ. ಮಗನಿಗೆ ಗುಣವಾಗುತ್ತದೆ. ಬಳಿಕ ಮನೆಯೊಳಗೆ ಶಿಷ್ಯರು ತಮ್ಮಿಂದೇಕೆ ಆಗಲಿಲ್ಲವೆಂದು ಕೇಳಿದಾಗ ಯೇಸು ಆ ತಂದೆಯ ಸಂದೇಹದ ಮಾತೆತ್ತುವುದಿಲ್ಲ. ಪ್ರಾರ್ಥನೆಯ ಮಾತೆತ್ತುತ್ತಾನೆ, ಅದೂ ತನ್ನ ಹೆಸರಿನಲ್ಲಿ ಸೇವೆಗೆ ನೇಮಕಗೊಂಡಿದ್ದವರ ಎದುರಿಗೆ.