ಗೌರಿಬಿದನೂರು ಬಯಲಿನ ಆಂಟೆನಾಗಳು

ಸೌರಜ್ವಾಲೆ ಸಿಡಿಯಲು ಕೆಲವು ನಿಮಿಷ ಸಾಕು. ಅದರ ಸಿದ್ಧತೆ ಗಂಟೆಗಟ್ಟಲೆ, ಎಷ್ಟೋ ಸಲ ದಿನಗಟ್ಟಲೆ ನಡೆಯುತ್ತದೆ. ಸೂರ್ಯಕಲೆಗಳಲ್ಲಿ ನಾಟಿಕೊಂಡ ಕಾಂತರೇಖೆಗಳ ಬುಡವನ್ನು ಕುದಿಯುವ ಪ್ಲಾಸ್ಮಾ ಎಳೆದಾಡುತ್ತದೆ, ತಿರುಚುತ್ತದೆ. ಹೊಸೆದಷ್ಟೂ ಹುರಿಯೇರುವ ಹಗ್ಗದ ಹಾಗೆ ಸೂರ್ಯನ ಹೊರವಾತಾವರಣವಾದ ಕರೋನಾದಲ್ಲಿ ಶಕ್ತಿ ಕೂಡುತ್ತದೆ. ಎದುರುಬದುರಾದ ರೇಖೆಗಳು ಕಡಿದು ಮರುಜೋಡಣೆಯಾದಾಗ ಅದು ಒಮ್ಮೆಗೇ ಬಿಡುಗಡೆಯಾಗುತ್ತದೆ.

ಕರೋನಾದ ಕಾಂತಬಲವನ್ನು ಅಳೆಯುವುದು ಬಲು ಕಷ್ಟ: ಕಾವು ಹತ್ತು ಲಕ್ಷ ಡಿಗ್ರಿ, ಬೆಳಕು ಮಾತ್ರ ಮಂಕು. ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯ ಹಿಡಿದ ದಾರಿ ಸೊಗಸಾದದ್ದು. ಬಯಲಿನಲ್ಲಿ ಸಾಲುಸಾಲಾಗಿ ನಿಂತ ಅಲ್ಯೂಮಿನಿಯಂ ಆಂಟೆನಾಗಳು ಮೇಲ್ನೋಟಕ್ಕೆ ಹಳೆಯ ಟಿ.ವಿ. ಆಂಟೆನಾಗಳೇ! ಆದರೆ ಮೀನಿನ ಮುಳ್ಳಿನಂತೆ ಗಿಡ್ಡದಿಂದ ಉದ್ದಕ್ಕೆ ಬೆಳೆಯುವ ಆ ಕಡ್ಡಿಗಳ ಅಳತೆಯಲ್ಲೇ ಜಾಣ್ಮೆಯಿದೆ. ಗಿಡ್ಡ ಕಡ್ಡಿ ಹೆಚ್ಚಿನ ಆವರ್ತನಕ್ಕೆ, ಉದ್ದ ಕಡ್ಡಿ ಕಡಿಮೆ ಆವರ್ತನಕ್ಕೆ ಓಗೊಡುತ್ತದೆ. ಆವರ್ತನ ಇಳಿದಂತೆ ಕರೋನಾದಲ್ಲಿ ರೇಡಿಯೊ ಅಲೆ ಹೊರಟ ಎತ್ತರ ಏರುತ್ತದೆ. ಎರಡು ಆಂಟೆನಾಗಳನ್ನು ಪರಸ್ಪರ ಲಂಬವಾಗಿ ನಿಲ್ಲಿಸಿದರೆ, ಬಲಕ್ಕೆ ತಿರುಗುವ ಅಲೆಗೂ ಎಡಕ್ಕೆ ತಿರುಗುವ ಅಲೆಗೂ ಇರುವ ವ್ಯತ್ಯಾಸ ಸಿಗುತ್ತದೆ. ಆ ಎತ್ತರದ ಕಾಂತಬಲವನ್ನು ಲೆಕ್ಕ ಹಾಕುವುದು ಆ ವ್ಯತ್ಯಾಸದಿಂದಲೇ.

ಈ ವೀಕ್ಷಣಾಲಯವನ್ನು ನಡೆಸುವ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯೇ ರೂಪಿಸಿದ ಕರೋನಾದರ್ಶಕವೊಂದು 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೊರಟಿತು.